ಪಾಚಿ ಮೀನೂ ನಮ್ಮ ಯಜಮಾನರ ರಾಜಿ ಪಂಚಾಯ್ತಿಯೂ

ನಮ್ಮ ಯಜಮಾನರು ಬಾಯಿ ಇರುವ ಯಾವ ಜೀವಿಯನ್ನು ಬೇಕಾದರೂ ರಾಜಿ ಮಾಡಿಸಬಲ್ಲರು. ಇದು ನನ್ನ ಮಾತಲ್ಲ, ಅವರದೇ ಮಾತು. ಮದುವೆಯಾದ ವಾರದಿಂದ ಕೇಳಿಕೊಂಡು ಬಂದಿದ್ದೇನೆ. ಮೀನಿಗೂ ಬಾಯಿ ಇದೆಯಲ್ಲ ಎಂದು ಅವರು ವಾದಿಸುವ ದಿನ ಬರುತ್ತದೆ ಅಂತ ಮಾತ್ರ ನನಗೆ ಗೊತ್ತಿರಲಿಲ್ಲ.

ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಕೂತಷ್ಟು ಕಾಲವೂ ಅವರು ಕೊಬ್ಬರಿ ಮಾರಿದ್ದಕ್ಕಿಂತ ಜಗಳ ಬಿಡಿಸಿದ್ದೇ ಹೆಚ್ಚು. ಗಂಡ ಹೆಂಡಿರ ಜಗಳ, ಬೇಲಿ ಜಗಳ, ಒಬ್ಬರ ತೆಂಗಿನ ಗರಿ ಇನ್ನೊಬ್ಬರ ಹಿತ್ತಲಿಗೆ ಬಿದ್ದ ಜಗಳ, ಎಲ್ಲವೂ ಇವರ ಗಲ್ಲಾಪೆಟ್ಟಿಗೆ ಮುಂದೆಯೇ ಬಂದು ಕೂರುತ್ತಿದ್ದವು. ಒಂದು ಸಲ ನಮ್ಮ ಬೀದಿಯ ಎರಡು ನಾಯಿಗಳು ಕಚ್ಚಾಡುತ್ತಿದ್ದವು. ಇವರು ನಡುವೆ ಹೋಗಿ ನಿಂತು ದೊಡ್ಡ ನಾಯಿಗೆ, "ಲೋ, ನೀನು ದೊಡ್ಡೋನು, ನೀನಾದ್ರೂ ಸೋಲ್ಬಾರ್ದಾ?" ಎಂದು ಬುದ್ಧಿ ಹೇಳಿದರು. ದೊಡ್ಡ ನಾಯಿ ಕೇಳಿಸಿಕೊಂಡಿತು. ಸಣ್ಣ ನಾಯಿ ಇವರ ಮೀನಖಂಡಕ್ಕೆ ಬಾಯಿ ಹಾಕಿತು. ಆಸ್ಪತ್ರೆಗೆ ಹೋಗಿ ಸೂಜಿ ಚುಚ್ಚಿಸಿಕೊಂಡು ಬಂದವರು, "ಏನಾದ್ರೂ ಅನ್ನು, ಜಗಳ ನಿಂತಿತೋ ಇಲ್ವೋ?" ಅಂದರು. ಇಂಥವರ ಹತ್ತಿರ ಏನು ಮಾತಾಡುವುದು?

ಮಂಡಿಯನ್ನು ಮಗನಿಗೆ ವಹಿಸಿ ಮನೆಯಲ್ಲಿ ಕೂತ ಮೇಲೆ ಬಿಡಿಸಲು ಜಗಳ ಸಿಗದೆ ಇವರ ರಕ್ತದೊತ್ತಡ ಏರಿತು. ಡಾಕ್ಟರು, "ಒಂದು ಮೀನಿನ ತೊಟ್ಟಿ ಇಟ್ಕೊಂಡು ನೋಡ್ತಾ ಕೂತ್ಕೊಳಿ, ಮನಸ್ಸು ತಣ್ಣಗಾಗುತ್ತೆ" ಅಂದರಂತೆ. ಲಿಂಗ ಕಟ್ಟಿದ ಮನೆಗೆ ಮೀನೇ ಎಂದು ನಾನು ಬಾಯಿಬಿಡುವಷ್ಟರಲ್ಲಿ, "ತಿನ್ನಕ್ಕಲ್ಲ ಕಣೇ, ನೋಡಕ್ಕೆ" ಎಂದು ನನ್ನನ್ನೂ ಎಳೆದುಕೊಂಡು ಮೀನಿನ ಅಂಗಡಿಗೆ ಹೊರಟರು.

ಅಂಗಡಿಯವನು ಎರಡು ಅಡಿಯ ಒಂದು ಗಾಜಿನ ತೊಟ್ಟಿ ತೋರಿಸಿ, "ಇದು ಕಮ್ಯುನಿಟಿ ಟ್ಯಾಂಕು ಯಜಮಾನ್ರೆ" ಅಂದ.

ನಮ್ಮ ಕಡೆ ಕಮ್ಯುನಿಟಿ ಅಂದರೆ ಜಾತಿ. ಹೆಣ್ಣು ನೋಡುವಾಗ, ಬಾಡಿಗೆ ಮನೆ ಕೊಡುವಾಗ ಮರ್ಯಾದೆಯಾಗಿ ಕೇಳುವ ಪದ ಅದು. ಇವರು ಆಚೆ ಈಚೆ ನೋಡಿ, ದನಿ ತಗ್ಗಿಸಿ, "ಯಾವ ಕಮ್ಯುನಿಟಿದು?" ಎಂದರು.

"ಎಲ್ಲಾ ಕಮ್ಯುನಿಟಿನೂ ಒಂದ್ರಲ್ಲೇ ಇರ್ತವೆ. ಕಚ್ಚಾಡಲ್ಲ."

ನಮ್ಮ ಯಜಮಾನರ ಕಣ್ಣಲ್ಲಿ ನೀರು ಬಂತು. ಎಲ್ಲ ಜಾತಿಯೂ ಒಂದೇ ತೊಟ್ಟಿಯಲ್ಲಿ, ಜಗಳವಿಲ್ಲದೆ! ಜೀವಮಾನವೆಲ್ಲ ಊರಿನವರಿಗೆ ಹೇಳಿ ಹೇಳಿ ಆಗದೇ ಹೋದದ್ದು ಎರಡು ಅಡಿ ಗಾಜಿನೊಳಗೆ ಆಗಿತ್ತು. ಬಾವುಟದಂತೆ ನೆಟ್ಟಗೆ ನಿಲ್ಲುವ ಎರಡು ಬಿಳಿ ಏಂಜೆಲ್ ಮೀನು, ನಾಲ್ಕು ಕರಿ ಮೀನು, ಒಂದು ಹಿಡಿ ಸಣ್ಣ ಪುಡಿ ಮೀನು, ಇಷ್ಟು ನಮ್ಮ ನಡುಮನೆಗೆ ಬಂದವು. ಜೊತೆಗೆ ಒಂದು ಪೊಟ್ಟಣ ಕಾಳು. ಆ ಕಾಳನ್ನು ಏತರಿಂದ ಮಾಡಿದ್ದಾರೆ ಎಂದು ಇವರು ಕೇಳಲಿಲ್ಲ, ಅವನೂ ಹೇಳಲಿಲ್ಲ. ನಾನು ಓದಿರುವುದು ನಾಲ್ಕನೇ ಕ್ಲಾಸು. ಆದರೂ ಪೊಟ್ಟಣದ ಮೇಲಿದ್ದ ಸೀಗಡಿಯ ಚಿತ್ರ ಅರ್ಥವಾಗದಷ್ಟು ದಡ್ಡಿಯಲ್ಲ. ಸುಮ್ಮನಿದ್ದೆ.

ಎರಡು ತಿಂಗಳಲ್ಲಿ ಕಿಟಕಿಯ ಬಿಸಿಲಿಗೆ ಗಾಜೆಲ್ಲ ಹಸಿರು ಕಟ್ಟಿತು. ಇವರು ಅಂಗಡಿಗೆ ಓಡಿದರು. ಬರುವಾಗ ಕೈಯಲ್ಲಿ ನೀರು ತುಂಬಿದ ಪ್ಲಾಸ್ಟಿಕ್ ಚೀಲ, ಮುಖದಲ್ಲಿ ಹೊಸ ಸೊಸೆಯನ್ನು ಕರೆತಂದವರ ಕಳೆ.

"ಇದು ಪಾಚಿ ತಿನ್ನೋ ಮೀನು ಕಣೇ. ಪ್ಯೂರ್ ವೆಜ್. ನಮ್ಮ ಪೈಕೀನೇ."

ನೋಡಿದೆ. ಕಂದು ಬಣ್ಣ, ಬೆರಳುದ್ದ, ಹೊಟ್ಟೆಯ ಕಡೆಗೆ ತಿರುಗಿದ ಬಾಯಿ, ನಲ್ಲಿಯ ವಾಷರಿನ ಹಾಗೆ. ತೊಟ್ಟಿಗೆ ಬಿಟ್ಟ ಕೂಡಲೇ ಗಾಜಿಗೆ ಆ ವಾಷರ್ ಒತ್ತಿ ಕೆಲಸ ಶುರು ಮಾಡಿತು. ಬೆಳಗಿನಿಂದ ಸಂಜೆಯವರೆಗೆ ತಲೆ ಎತ್ತಲಿಲ್ಲ. ಮಾತಿಲ್ಲ, ಜಗಳವಿಲ್ಲ, ಮಾಂಸವಿಲ್ಲ, ಕಾಯಕ ಬಿಟ್ಟರೆ ಬೇರೆ ಚಿಂತೆಯಿಲ್ಲ. ಇವರು ಅದಕ್ಕೆ 'ಶರಣ' ಎಂದು ಹೆಸರಿಟ್ಟರು.

"ವಿಭೂತಿ ಹಚ್ಚೋದೊಂದು ಬಾಕಿ" ಅಂದೆ.

"ಹಣೆ ಎಲ್ಲೈತೆ ಅದ್ಕೆ?" ಅಂದರು. ತಮಾಷೆಗಲ್ಲ. ಆಗಲೇ ಯೋಚನೆ ಮಾಡಿ ನೋಡಿದ್ದರು ಎಂದು ಕಾಣುತ್ತದೆ.

ಬಂದವರಿಗೆಲ್ಲ ಶರಣನನ್ನು ತೋರಿಸಿ ಹೊಗಳುವುದೇ ಆಯಿತು. ಅವನ ನಡತೆಗೆ ಇವರೇ ಜಾಮೀನು ನಿಂತ ಹಾಗಿತ್ತು. ಶರಣ ಬೆಳೆದ. ಬೆರಳುದ್ದ ಇದ್ದವನು ಅಂಗೈ ಉದ್ದ ಆದ. ಗಾಜಿನ ಮೇಲೆ ಹಸಿರು ಮತ್ತೆ ಕಟ್ಟತೊಡಗಿತು. ಶರಣನ ಹೊಟ್ಟೆ ಮಾತ್ರ ಕರಗಲಿಲ್ಲ. ನನಗೆ ಆವಾಗಲೇ ಅನುಮಾನ ಬಂತು. ಕೆಲಸ ಬಿಟ್ಟವನು ದಪ್ಪಗಾಗುತ್ತಿದ್ದಾನೆ ಅಂದರೆ ಬೇರೆಲ್ಲೋ ಊಟ ನಡೆಯುತ್ತಿದೆ ಅಂತ ತಾನೆ ಅರ್ಥ?

ಒಂದು ಬೆಳಿಗ್ಗೆ ತೊಟ್ಟಿಯ ಪಕ್ಕ ಕೂತು ಅವರೆಕಾಳು ಹಿಸುಕುತ್ತಿದ್ದೆ. ಶರಣ ಗಾಜು ಬಿಟ್ಟ. ನೆಟ್ಟಗೆ ಹೋಗಿ ದೊಡ್ಡ ಏಂಜೆಲ್ ಮೀನಿನ ಪಕ್ಕೆಗೆ ವಾಷರ್ ಒತ್ತಿದ. ಆ ಬಡಪಾಯಿ ಮೀನು ತೊಟ್ಟಿಯೆಲ್ಲ ಒದ್ದಾಡಿತು. ಇವನು ಬಿಡಲಿಲ್ಲ. ಬಿಟ್ಟಾಗ ಬಿಳಿ ಮೈಯ ಮೇಲೆ ಕೆಂಪಗೆ ಒಂದು ಬಿಲ್ಲೆ ಮೂಡಿತ್ತು.

"ರೀ, ನಿಮ್ಮ ಶರಣ ಏಂಜೆಲ್ ಮೈ ಚೀಪ್ತಾ ಐತೆ."

"ಚೀಪ್ತಿಲ್ಲ ಕಣೇ, ತಿಕ್ತಾ ಐತೆ. ಮೈಗೂ ಪಾಚಿ ಹಿಡ್ದಿರ್ತದೆ. ಸೇವೆ ಮಾಡ್ತಾ ಐತೆ."

"ಸೇವೆ ಮಾಡಿಸ್ಕೊಂಡೋರು ಮೂಲೇಲಿ ಯಾಕೆ ಬಚ್ಚಿಟ್ಕೊಂಡವ್ರೆ?"

"ನಾಚ್ಕೆ."

ನಾಲ್ಕು ದಿನ ಕಳೆಯುವಷ್ಟರಲ್ಲಿ ಏಂಜೆಲ್ಲಿನ ಎರಡೂ ಪಕ್ಕೆಗೆ ಗಾಯವಾಗಿ, ಬಾಲದ ಅಂಚು ಹರಿಯಿತು. ಕಾಳು ಹಾಕಿದರೆ ಮೇಲೆ ಬರುತ್ತಿರಲಿಲ್ಲ. ನಮ್ಮ ಸೊಸೆ ನೋಡಿ, "ಅತ್ತೆ, ಇದು ಹಿಂಗೇ ಆದ್ರೆ ಇನ್ನೊಂದು ವಾರ ಉಳಿಯಲ್ಲ" ಅಂದಳು. ಯಜಮಾನರೂ ಕೇಳಿಸಿಕೊಂಡರು. ಅವರ ಮುಖ ಇಳಿಯಿತು. ಆದರೆ ಸೋಲುವ ಆಸಾಮಿಯೇ? ಪಂಚಾಯ್ತಿ ಶುರು ಮಾಡಿದರು.

ಮೊದಲು ಹದ್ದುಬಸ್ತು. ತೊಟ್ಟಿಯ ಕಲ್ಲುಗಳನ್ನೆಲ್ಲ ಎತ್ತಿ ನಡುವೆ ಸಾಲಾಗಿ ಇಟ್ಟು ಆಚೆ ಕಡೆ ಶರಣನಿಗೆ, ಈಚೆ ಕಡೆ ಉಳಿದವರಿಗೆ ಎಂದು ಹಂಚಿದರು. ಶರಣ ಕಲ್ಲಿನ ಮೇಲಿಂದ ದಾಟಿ ಬಂದ. ಮೀನಿಗೆ ಬೇಲಿ ಎಷ್ಟು ಎತ್ತರ ಇರಬೇಕು ಎಂದು ಇವರಿಗೆ ಹೊಳೆದಿರಲಿಲ್ಲ. ಆಮೇಲೆ ಹೊಟ್ಟೆ ತುಂಬಿದರೆ ಸುಮ್ಮನಾಗುತ್ತಾನೆ ಎಂದು ಸೌತೆಕಾಯಿಯ ಬಿಲ್ಲೆಗೆ ದಾರ ಕಟ್ಟಿ ಇಳಿಬಿಟ್ಟರು. ಶರಣ ಸೌತೆಕಾಯಿಯನ್ನು ಬೀಜದ ಸಮೇತ ಮುಗಿಸಿ, ಕೋಸಂಬರಿ ಆದ ಮೇಲೆ ಊಟಕ್ಕೆ ಏಳುವ ಹಾಗೆ ಎದ್ದು ಏಂಜೆಲ್ಲಿನ ಕಡೆ ಹೊರಟ.

ನಾನೇ ಚಪ್ಪಲಿ ಮೆಟ್ಟಿಕೊಂಡು ಇವರನ್ನು ಅಂಗಡಿಗೆ ಎಬ್ಬಿಸಿಕೊಂಡು ಹೋದೆ.

ಅಂಗಡಿಯವನು ನಕ್ಕ. "ಇದು ಸಣ್ಣದ್ರಲ್ಲಿ ಪಾಚಿ ತಿನ್ನುತ್ತೆ ಅಮ್ಮ. ದೊಡ್ಡದಾದ್ಮೇಲೆ ಬೇರೆ ಮೀನಿನ ಮೈಮೇಲಿನ ಲೋಳೆ ರುಚಿ ಹತ್ತುತ್ತೆ."

"ಪ್ಯೂರ್ ವೆಜ್ ಅಂದಿದ್ದೆ?" ಎಂದರು ಇವರು.

"ಆವಾಗ ವೆಜ್ಜೇ ಇತ್ತು ಸಾರ್."

"ವಾಪಸ್ ತಗೋ ಹಂಗಾರೆ" ಅಂದೆ ನಾನು.

"ನನ್ನ ತೊಟ್ಟಿಗಳ್ನೂ ಹಾಳು ಮಾಡುತ್ತೆ ಅಮ್ಮ. ಒಂದೇ ದಾರಿ. ಬೇರೆ ಹಾಕ್ಬಿಡಿ."

ಯಜಮಾನರು ಅಂಗಡಿಯಿಂದ ಇಳಿದು ನಡೆದೇಬಿಟ್ಟರು.

ಈ 'ಬೇರೆ' ಎನ್ನುವ ಮಾತಿನ ಕಥೆ ಹೇಳಬೇಕು. ಇವರಿಗೆ ಒಬ್ಬನೇ ತಮ್ಮ. ಹನ್ನೆರಡು ವರ್ಷದ ಹಿಂದೆ ಆ ನನ್ನ ಮೈದುನ ಇದೇ ನಡುಮನೆಯಲ್ಲಿ ನಿಂತು, "ಅಣ್ಣ, ನನ್ನ ಬೇರೆ ಹಾಕ್ಬಿಡು" ಅಂದ. ಕಾರಣ ದೊಡ್ಡದೇನಲ್ಲ. ಅವನಿಗೆ ಮಂಡಿ ಹಿಡಿಸುತ್ತಿರಲಿಲ್ಲ, ದನ ಕಟ್ಟಿಕೊಂಡು ಹಾರನಹಳ್ಳಿಯ ತೋಟದಲ್ಲಿ ಇರಬೇಕೆಂದು ಆಸೆ. ಆದರೆ ಊರಿನವರ ಮನೆಗಳನ್ನೆಲ್ಲ ಕೂಡಿಸಿದವರ ಮನೆಯೇ ಎರಡಾಗುವುದೇ? ಇವರು ಅವನನ್ನು ಕೂರಿಸಿಕೊಂಡು ಒಂದು ತಿಂಗಳು ಬುದ್ಧಿ ಹೇಳಿದರು. ಅವನು ಅಲುಗಲಿಲ್ಲ. ಕೊನೆಗೆ ಪಾಲು ಮಾಡಿಕೊಟ್ಟು, "ಬೇರೆ ಆದೋನು ನನ್ನ ಹತ್ರ ಮಾತಾಡ್ಬ್ಯಾಡ" ಅಂದುಬಿಟ್ಟರು. ಅವನೂ ಅದೇ ರಕ್ತ ತಾನೆ, ಮಾತಾಡಲಿಲ್ಲ. ಮದುವೆ ಮನೆಗಳಲ್ಲಿ ಒಬ್ಬರು ಮೊದಲ ಪಂಕ್ತಿಗೆ ಕೂತರೆ ಇನ್ನೊಬ್ಬರು ಕೊನೆಯ ಪಂಕ್ತಿಗೆ. ಅಂದಿನಿಂದ ಬೇರೆ ಮಾಡುವುದು, ಬೇರೆ ಹಾಕುವುದು ಎಂಬ ಮಾತು ನಮ್ಮ ಮನೆಯಲ್ಲಿ ಏಳುವಂತಿಲ್ಲ. ಸೊಸೆ ಕಡಲೆ ಬೇಳೆಯಿಂದ ಕಲ್ಲು ಬೇರೆ ಮಾಡುತ್ತಿದ್ದೇನೆ ಅಂದರೂ ಇವರು ಎದ್ದು ಹೊರಗೆ ಹೋಗುತ್ತಾರೆ.

"ಬೇರೆ ಹಾಕೋದಿಲ್ಲ" ಎಂದರು ಮನೆಗೆ ಬಂದ ಮೇಲೆ.

"ಹಂಗಾದ್ರೆ ಏಂಜೆಲ್ ಸಾಯ್ತದೆ."

ಇವರು ತೊಟ್ಟಿಯ ಮುಂದೆ ಕುರ್ಚಿ ಎಳೆದುಕೊಂಡರು. ನಾನು ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ಗಾಜಿಗೆ ಬಾಯಿ ಹಚ್ಚಿ ಮೆಲ್ಲಗೆ ಏನೋ ಹೇಳುತ್ತಿದ್ದರು. ಶರಣನಿಗಲ್ಲ, ಮೂಲೆಯಲ್ಲಿ ವಾಲಿಕೊಂಡಿದ್ದ ಏಂಜೆಲ್ಲಿಗೆ. "ಸ್ವಲ್ಪ ಅನುಸರಿಸ್ಕೊಂಡು ಹೋಗಮ್ಮ."

ನನಗೆ ಎಲ್ಲಿತ್ತೋ ಸಿಟ್ಟು. "ಗಾಯ ಆದೋರಿಗೇ ಅನುಸರಿಸ್ಕೊಂಡು ಹೋಗು ಅನ್ನೋದಾದ್ರೆ ನಿಮ್ಮ ಪಂಚಾಯ್ತಿ ಇವತ್ತೇ ಬಾಗ್ಲು ಹಾಕ್ಲಿ" ಅಂದೆ. "ನೀವು ಹಿಡೀದಿದ್ರೆ ನಾನು ಹಿಡೀತೀನಿ."

ಹಿಡಿಯುವುದು ಅಂದುಕೊಂಡಷ್ಟು ಸುಲಭವಿರಲಿಲ್ಲ. ಹಿಟ್ಟಿನ ಜರಡಿ ಹಾಕಿದೆ. ಶರಣ ಜರಡಿಗೇ ಅಂಟಿಕೊಂಡು, ಎತ್ತುವಾಗ ಜಾರಿದ. ಟೀ ಸೋಸುವುದರಲ್ಲಿ ಕರಿ ಮೀನು ಬಂತು. ಸೆರಗು ಒದ್ದೆಯಾಯಿತು, ನಡುಮನೆ ಕೆರೆಯಾಯಿತು. ಸೊಸೆ ಬಟ್ಟೆ ಹಿಡಿದುಕೊಂಡು ಹಿಂದೆ ಹಿಂದೆ ಒರೆಸುತ್ತಾ ಬಂದಳು. ಯಜಮಾನರು ಕುರ್ಚಿಯ ಮೇಲೆ ಕಾಲೆತ್ತಿ ಕೂತು, "ಹೆದರಿಸ್ಬ್ಯಾಡ, ಹೆದರಿಸ್ಬ್ಯಾಡ" ಎನ್ನುತ್ತಿದ್ದರು, ಯಾರಿಗೆ ಹೇಳಿದ್ದೋ.

ಆಗ ನನ್ನ ತೌರುಮನೆ ನೆನಪಾಯಿತು. ಗೆಂಡೆಹಳ್ಳಿಯ ಕಡೆ ಗದ್ದೆಯ ಕಾಲುವೆಗೆ ಮೀನು ಹಿಡಿಯುವ ಬಿದಿರಿನ ಕೂಣಿ ಒಡ್ಡುತ್ತಿದ್ದರು. ಒಳಗೆ ಹೋಗುವ ಬಾಯಿ ಸಲೀಸು, ಹೊರಗೆ ಬರುವ ದಾರಿ ಮೀನಿಗೆ ಕಾಣುವುದಿಲ್ಲ. ನಾವು ತಿನ್ನುವವರಲ್ಲ, ಆದರೆ ನೋಡಲು ಯಾರ ಅಡ್ಡಿ? ಒಂದು ನೀರಿನ ಬಾಟಲಿಯ ಕತ್ತು ಕೊಯ್ದು, ಅದೇ ಕತ್ತನ್ನು ತಿರುಗಿಸಿ ಬಾಟಲಿಯೊಳಕ್ಕೆ ಸಿಕ್ಕಿಸಿದೆ. ಒಳಗೆ ಸೌತೆಕಾಯಿ. ತೊಟ್ಟಿಯ ತಳದಲ್ಲಿ ಇಟ್ಟು ಅವರೆಕಾಳು ಹಿಸುಕುತ್ತಾ ಕೂತೆ. ಅರ್ಧ ಮೊರ ಮುಗಿಯುವಷ್ಟರಲ್ಲಿ ಶರಣ ಒಳಗಿದ್ದ. ಹೊರಗೆ ಬರಲು ತಿಳಿಯದೆ ಸೌತೆಕಾಯಿಯನ್ನೇ ಮುಂದುವರಿಸಿದ.

"ಇನ್ನೇನು ಮಾಡ್ತೀಯ ಅದ್ನ?" ಇವರು ಕುರ್ಚಿಯಿಂದ ಇಳಿದು ಬಂದರು.

"ನೀವೇ ಹೇಳಿ. ಈ ತೊಟ್ಟಿಗಂತೂ ಹೋಗಲ್ಲ."

ಬಹಳ ಹೊತ್ತು ಯೋಚಿಸಿ ಇವರೊಂದು ದಾರಿ ಕಂಡುಹಿಡಿದರು. ಹಳೇಬೀಡಿನ ಕೆರೆಗೆ ಬಿಡುವುದು. ಅಷ್ಟು ದೊಡ್ಡ ಕೆರೆ, ಅಷ್ಟೊಂದು ಮೀನು. "ಅದು ಬೇರೆ ಹಾಕ್ದಂಗಲ್ಲ ಕಣೇ. ದೊಡ್ಡ ಸಂಸಾರಕ್ಕೆ ಸೇರಿಸ್ದಂಗೆ." ಮರುದಿನ ಬೆಳಿಗ್ಗೆ ಶರಣನನ್ನು ತೊಟ್ಟಿಯ ನೀರಿನ ಸಮೇತ ಹಾಲಿನ ಕ್ಯಾನಿಗೆ ಹಾಕಿಕೊಂಡು ಬಸ್ ಹತ್ತಿದೆವು. ಕ್ಯಾನು ನನ್ನ ತೊಡೆಯ ಮೇಲೆ. ಇವರ ಕೈಗೆ ಕೊಟ್ಟರೆ ದಾರಿಯಲ್ಲಿ ಮನಸ್ಸು ಬದಲಾಯಿಸಿ ಇಳಿದುಬಿಡುತ್ತಾರೆ ಎಂದು ನನಗೆ ಗೊತ್ತಿತ್ತು.

ಕಂಡಕ್ಟರ್ ನನ್ನ ಆಧಾರ್ ಕಾರ್ಡು ನೋಡಿ ಫ್ರೀ ಟಿಕೆಟ್ ಹರಿದ. ಇವರ ಹತ್ತಿರ ಕಾಸು ತೆಗೆದುಕೊಂಡ. ಕ್ಯಾನಿನೊಳಗೆ ಇಣುಕಿದ. "ಏನಜ್ಜಿ ಇದು?"

"ಮೀನು."

"ಗಂಡೋ, ಹೆಣ್ಣೋ?"

"ಯಾಕಪ್ಪ?"

"ಹೆಣ್ಣಾದ್ರೆ ಫ್ರೀ. ಗಂಡಾದ್ರೆ ಟಿಕೆಟ್ ತಗೋಬೇಕು."

ಬಸ್ಸೆಲ್ಲ ನಕ್ಕಿತು. ನಮ್ಮ ಯಜಮಾನರೊಬ್ಬರು ನಗಲಿಲ್ಲ. ಜೇಬಿಗೆ ಕೈ ಹಾಕಿ, "ಅನುಮಾನ ಯಾಕೆ, ಒಂದು ಕೊಟ್ಬಿಡು" ಅಂದರು. ಕಂಡಕ್ಟರಿಗೇ ನಾಚಿಕೆಯಾಗಿ ಮುಂದೆ ಹೋದ.

ಹಳೇಬೀಡಿನ ಕೆರೆ ಏರಿಯ ಮೇಲೆ ಒಬ್ಬ ಬಲೆ ಹರಡಿಕೊಂಡು ಕೂತಿದ್ದ, ಕೆರೆಯಲ್ಲಿ ಮೀನು ಸಾಕುವವನು. ಕ್ಯಾನು ನೋಡಿ, ಕಥೆ ಕೇಳಿ, ಎದ್ದೇ ನಿಂತ.

"ಬಿಡಬ್ಯಾಡಿ ಅಜ್ಜಿ. ನಾವು ಮರಿ ಬಿಟ್ಟಿದೀವಿ. ಎಲ್ಲಿಯದೋ ಮೀನು, ಇದು ಹೋಗಿ ಅವುಗಳ ಮೈಗೆ ಅಂಟ್ಕೊಂಡ್ರೆ ನಾನು ಯಾರ ಹತ್ರ ಹೇಳ್ಲಿ? ಕೊಡಿ ಬೇಕಾದ್ರೆ, ಸಾರಿಗೆ ಆಯ್ತದೆ."

ಯಜಮಾನರು ಕ್ಯಾನನ್ನು ನನ್ನ ಕೈಯಿಂದ ಕಿತ್ತುಕೊಂಡು ಎದೆಗೆ ಒತ್ತಿಕೊಂಡರು. ಅವನ ಮಾತು ನ್ಯಾಯವಾಗಿತ್ತು, ಸಾರಿನ ಮಾತು ಬಿಟ್ಟು. ನಮ್ಮ ತೊಟ್ಟಿಯ ಕಷ್ಟವನ್ನು ಕೆರೆಗೆ ಸುರಿದು ಕೈ ತೊಳೆದುಕೊಳ್ಳುವುದು ಯಾವ ಸೀಮೆಯ ರಾಜಿ?

ವಾಪಸ್ ಬರುವಾಗ ನೇರ ಬಸ್ ಸಿಗದೆ ಹಾರನಹಳ್ಳಿ ಮೇಲೆ ಹೋಗುವ ಬಸ್ ಹತ್ತಿದೆವು. ಕ್ಯಾನು ಮತ್ತೆ ನನ್ನ ತೊಡೆಗೆ ಬಂದಿತ್ತು. ಇವರು ಕಿಟಕಿಯ ಕಡೆ ತಿರುಗಿ, "ತೊಟ್ಟಿಗೇ ಬಿಟ್ಬಿಡಾಣ. ಇನ್ನೊಂದ್ಸಲ ಹೇಳಿ ನೋಡ್ತೀನಿ" ಅಂದರು. ನಾನು ಆಗಲೇ ತೀರ್ಮಾನ ಮಾಡಿಯಾಗಿತ್ತು. ಹಾರನಹಳ್ಳಿ ಬಂತು. ಎದ್ದು ಕ್ಯಾನು ಹಿಡಿದು ಇಳಿದೆ.

"ಏ, ಇಲ್ಲ್ಯಾಕೆ ಇಳ್ದೆ?"

ನಾನು ತಿರುಗಿ ನೋಡಲಿಲ್ಲ. ಶರಣ ನನ್ನ ಕೈಯಲ್ಲಿದ್ದ, ಬರದೆ ಏನು ಮಾಡುತ್ತಾರೆ? ಹಿಂದೆ ಚಪ್ಪಲಿ ಸದ್ದು ಕೇಳಿಸಿತು. ಆದರೆ ತಮ್ಮನ ಮನೆ ಕಾಣುತ್ತಲೇ ಆ ಸದ್ದು ಲೈಟ್ ಕಂಬದ ಹತ್ತಿರ ನಿಂತುಹೋಯಿತು.

ಮೈದುನ ಕೊಟ್ಟಿಗೆಯ ಮುಂದೆ ಹಸುವಿನ ಮೈ ತೊಳೆಯುತ್ತಿದ್ದ. ಪಕ್ಕದಲ್ಲಿ ದನ ನೀರು ಕುಡಿಯುವ ಕಲ್ಲುಬಾನಿಗಳು ಎರಡು. ಒಂದು ಈಗಿನದು, ಇನ್ನೊಂದು ಬಳಸದೆ ಬಿಟ್ಟದ್ದು, ನೀರು ತುಂಬಿ ಒಳಗೆಲ್ಲ ಹಸಿರು ಪಾಚಿ.

"ಏನತ್ತಿಗೆ, ಒಬ್ರೇ ಬಂದ್ರಾ?"

"ಒಬ್ಳೇ ಅಲ್ಲ. ಕಂಬದ ಹತ್ರ ನಿಂತವ್ರೆ."

ಅವನು ಆ ಕಡೆ ನೋಡಿ, ಮತ್ತೆ ಹಸುವಿನ ಬೆನ್ನು ಉಜ್ಜತೊಡಗಿದ. ನಾನು ಕ್ಯಾನು ಕೆಳಗಿಟ್ಟು ವಿಷಯ ಹೇಳಿದೆ. "ಇವ್ನು ಕೆಟ್ಟೋನಲ್ಲ. ನಾಲ್ಕು ಜನದ ಜೊತೆ ಒಂದೇ ಗಾಜಿನಲ್ಲಿ ಇರಕ್ಕೆ ಆಗಲ್ಲ, ಅಷ್ಟೇ. ಒಬ್ನೇ ಇದ್ರೆ ಪಾಚಿ ತಿಂದ್ಕೊಂಡು ಸುಮ್ನಿರ್ತಾನೆ. ಆ ಬಾನಿ ಕೊಡ್ತೀಯಾ?"

ಮೈದುನ ನನ್ನ ಮುಖವನ್ನೇ ನೋಡಿದ. ನಾನು ಮೀನಿನ ವಿಷಯವನ್ನೇ ಹೇಳಿದ್ದು. ಅವನು ಏನು ಕೇಳಿಸಿಕೊಂಡನೋ ಅವನಿಗೇ ಗೊತ್ತು.

"ಅದ್ಕೇನಂತೆ ಅತ್ತಿಗೆ, ಇರ್ಲಿ" ಎಂದು ಕೈ ಒರೆಸಿಕೊಂಡು ಕ್ಯಾನು ಎತ್ತಿದ. ಬಾನಿಯ ಮೇಲೆ ಹಿಡಿದು ಇನ್ನೇನು ಬಗ್ಗಿಸಬೇಕು.

"ಲೇ, ಹಂಗೇ ಸುರೀಬ್ಯಾಡ ಕಣ್ಲಾ! ನೀರು ಒಗ್ಗಬೇಕು ಮೊದ್ಲು!"

ಕಂಬದ ಹತ್ತಿರದಿಂದ ಬಂದ ಕೂಗು. ಹಸು ಬೆಚ್ಚಿತು. ಮೈದುನನ ಕೈ ಹಾಗೇ ನಿಂತಿತು. ಹನ್ನೆರಡು ವರ್ಷದ ಮೇಲೆ ಅಣ್ಣ ಅವನಿಗೆ ಆಡಿದ ಮೊದಲ ಮಾತು ಅದು.

"ಒಗ್ಗಕ್ಕೆ ಏನ್ ಮಾಡ್ಬೇಕು?" ಎಂದ ಮೈದುನ, ಬಾನಿಯ ಕಡೆಯೇ ನೋಡುತ್ತಾ.

"ಒಂದೇ ಸಲ ಹಾಕಿದ್ರೆ ಸತ್ತೋಯ್ತದೆ. ಆ ಬಾನಿ ನೀರ್ನ ಸ್ವಲ್ಪ ಸ್ವಲ್ಪಾನೇ ಕ್ಯಾನಿಗೆ ಹಾಕ್ಬೇಕು. ಒಂದು ಲೋಟ ಹಾಕು, ಬಿಡು. ಆಮೇಲೆ ಇನ್ನೊಂದು. ಅಯ್ಯೋ, ನಿಂಗೆ ಗೊತ್ತಾಗಲ್ಲ, ತತ್ತಾ ಇಲ್ಲಿ."

ಯಜಮಾನರು ಕಂಬ ಬಿಟ್ಟು, ಬೇಲಿ ದಾಟಿ, ಪಂಚೆ ಎತ್ತಿ ಕಟ್ಟಿಕೊಂಡು ಬಾನಿಯ ಪಕ್ಕ ಕುಕ್ಕರಗಾಲಲ್ಲಿ ಕೂತರು. ಎದುರಿಗೆ ತಮ್ಮ ಕೂತ. ನಡುವೆ ಕ್ಯಾನು. ಓರಗಿತ್ತಿ ಒಳಗಿನಿಂದ ಒಂದು ಲೋಟ ತಂದುಕೊಟ್ಟು ನನ್ನ ಪಕ್ಕ ನಿಂತಳು. "ಕಾಫಿ ಇಡ್ಲಾ ಅಕ್ಕ?" ಎಂದು ಪಿಸುಗುಟ್ಟಿದಳು. ಸುಮ್ಮನಿರು ಎಂದು ಕೈ ಒತ್ತಿದೆ.

ಒಂದು ಲೋಟ ನೀರು. ಇನ್ನೊಂದು ಲೋಟ.

"ಹಸು ಎಷ್ಟನೇ ಸೂಲು?" ಎಂದರು ಇವರು, ಮೀನನ್ನು ನೋಡುತ್ತಾ.

"ಎರಡ್ನೇದು."

ಇನ್ನೊಂದು ಲೋಟ.

"ಬಡವಾಗಿದೀಯ."

"ನೀನೇನು ದಪ್ಪಗಿದೀಯಾ?"

ಮತ್ತೊಂದು ಲೋಟ. ನನಗೆ ಬಿಸಿಲಿಗೆ ತಲೆ ಸುತ್ತುತ್ತಿತ್ತು, ಆದರೂ ಅಲ್ಲಾಡಲಿಲ್ಲ. ಕ್ಯಾನು ತುಂಬಿದ ಮೇಲೆ ಇಬ್ಬರೂ ಒಂದೊಂದು ಕಡೆ ಹಿಡಿದು ಮೆಲ್ಲಗೆ ಬಾನಿಗೆ ಬಗ್ಗಿಸಿದರು. ಶರಣ ತಳಕ್ಕೆ ಇಳಿದ. ಇಬ್ಬರ ತಲೆಯೂ ಬಾನಿಯ ಮೇಲೆ ಬಾಗಿತು.

ಓರಗಿತ್ತಿ ಕಾಫಿ ತಂದಳು, ಆರಿತು, ಮತ್ತೆ ಬಿಸಿ ಮಾಡಿ ತಂದಳು. ಅರಸೀಕೆರೆಯ ಬಸ್ಸಿನ ಹೊತ್ತಾಯಿತು. ನಾನು ಖಾಲಿ ಕ್ಯಾನು ಎತ್ತಿಕೊಂಡೆ. ಏಂಜೆಲ್ಲಿಗೆ ಕಾಳು ಹಾಕಬೇಕಿತ್ತು.

ಮೈದುನ ನನ್ನ ಕಡೆ ತಿರುಗಿ, "ಅತ್ತಿಗೆ, ಅಣ್ಣ ಇವತ್ತು ಇಲ್ಲೇ ಇರ್ಲಿ. ಮೀನು ಒಗ್ತೈತೋ ಇಲ್ವೋ ನೋಡ್ಬೇಕಲ್ಲ" ಅಂದ. ಇವರು ತಲೆ ಎತ್ತಲಿಲ್ಲ.

ಬಗ್ಗಿ ನೋಡಿದೆ. ಶರಣ ಆಗಲೇ ಬಾನಿಯ ಕಲ್ಲಿಗೆ ಬಾಯಿ ಒತ್ತಿ ಗೇಣಗಲ ಪಾಚಿ ಮೇಯ್ದು ಮುಗಿಸಿದ್ದ.

"ಹೂಂ ಕಣಪ್ಪ" ಅಂದೆ. "ಒಗ್ಗಕ್ಕೆ ನಾಲ್ಕೈದು ದಿನ ಆದ್ರೂ ಆಯ್ತದೆ."

ಬಸ್ಸಿಗೆ ನಡೆದೆ.